ಕಡಲತಡಿಯ ಗವಿಗೆ ಹೋಗುವ ಮುನ್ನ

ಮೆಡಿಟರೇನಿಯನ್ ಸಮುದ್ರದಲ್ಲಿ ಮೆನೋರ್ಕ ಎಂಬುದೊಂದು ದ್ವೀಪವುಂಟು. ಅದು ಸ್ಪೇನ್ ದೇಶಕ್ಕೆ ಸೇರಿದ್ದು. ಅದರ ದಕ್ಷಿಣ ತೀರದಲ್ಲಿ ಕಾಲೆಸ್ ಕೋವೆಸ್ ಎಂಬ ಏಕಾಂತವಾದ ಕಿರುಗೊಲ್ಲಿಯೊಂದಿದೆ. ಎರಡೂ ಪಕ್ಕಗಳಲ್ಲಿ ಸುಣ್ಣಕಲ್ಲಿನ ಕಡಿದಾದ ಗೋಡೆಗಳು. ನಡುವೆ ತಿಳಿಯಾದ ನೀರು. ಗೋಡೆಗಳ ಮೈಯಲ್ಲಿ ಸುಮಾರು ೯೦ ಗವಿಗಳು. ರೋಮನ್ನರು ಆ ದ್ವೀಪಕ್ಕೆ ಕಾಲಿಡುವುದಕ್ಕೆ ಎಷ್ಟೋ ಮುಂಚೆ ಅಲ್ಲಿನ ಜನರು ತಮ್ಮ ಸತ್ತವರನ್ನು ಇರಿಸುವುದಕ್ಕಾಗಿ ಈ ಗವಿಗಳನ್ನು ಕೊರೆದರು. ಆ ದ್ವೀಪದ ಪುರಾತನ ನೆಲೆಗಳು ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಇಂಥ ತಾಣದ ಚಿತ್ರವನ್ನು ಕಂಡಾಗ, ಹಾವೇರಿ ಜಿಲ್ಲೆಯ ಮಾಸೂರಿನಂಥ ಬಯಲುಸೀಮೆಯಂಚಿನ ಊರಿನಲ್ಲಿರುವ ವಿದ್ಯಾರ್ಥಿಗೂ ಒಮ್ಮೆ ಅಲ್ಲಿಗೆ ಹೋಗಿ ಬರಬೇಕೆಂಬ ಆಸೆ ಹುಟ್ಟುವುದು ಸಹಜವೇ. ಆದರೆ ಅದಕ್ಕಾಗಿ ಹಡಗನ್ನಾಗಲಿ ವಿಮಾನವನ್ನಾಗಲಿ ಏರಬೇಕಾದ ಅಗತ್ಯವಿಲ್ಲ. ಮಾಸೂರಿನಿಂದ ಪಶ್ಚಿಮಕ್ಕೆ ಹೊರಟು, ಘಟ್ಟವನ್ನಿಳಿದು, ಶರಾವತಿಯು ಕಡಲನ್ನು ಸೇರುವ ಹೊನ್ನಾವರವನ್ನು ಮುಟ್ಟಿದರೆ, ಅಲ್ಲಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ ಅಪ್ಸರಕೊಂಡವಿದೆ. ಕಡಲಿಗೆ ಮುಖಮಾಡಿ ನಿಂತ ಗುಡ್ಡ, ಅದರ ಮಗ್ಗುಲಲ್ಲಿ ಪುಟ್ಟ ಜಲಪಾತ, ಜಲಪಾತದ ಬುಡದಲ್ಲಿ ಕೊಳ, ಅಲ್ಲಿಯೇ ಪಾಂಡವರ ಗುಹೆಗಳೆಂದು ಜನ ಕರೆಯುವ ಗವಿಗಳು. ಇನ್ನೂ ಉತ್ತರಕ್ಕೆ ಗೋಕರ್ಣದ ಬಳಿ, ಕಲ್ಲಿನ ಚಾಚುಗಳ ನಡುವೆ ಅಡಗಿದ ಕಿರುಗೊಲ್ಲಿಗಳ ಸಾಲೇ ಇದೆ. ಪ್ರಕೃತಿಯು ಮೆಡಿಟರೇನಿಯನ್ನಿಗೆ ಕೊಟ್ಟುದನ್ನು ನಮಗೂ ತನ್ನದೇ ಆದ ಬೇರೊಂದು ರೀತಿಯಲ್ಲಿ ಕೊಟ್ಟಿದೆ.

ಹಾಗಾದರೆ ನಾವು ಅಲ್ಲಿಗೆ ಹೋಗುವುದು ಯಾವ ರೀತಿಯಲ್ಲಿ? ಈ ಲೇಖನದಲ್ಲಿ ನಾವು ಚರ್ಚಿಸಬೇಕೆಂದಿರುವ ವಿಷಯ ಇದೇ. ವರ್ಷವರ್ಷವೂ ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ನಮ್ಮ ಪ್ರೌಢಶಾಲೆಗಳಿಂದಲೂ ಕಾಲೇಜುಗಳಿಂದಲೂ ನೂರಾರು ಬಸ್ಸುಗಳು ಕರಾವಳಿಗೆ ಇಳಿಯುತ್ತವೆ. ಹೋದವರಲ್ಲಿ ಬಹುಮಂದಿ ಕಡಲನ್ನು ಮೊದಲ ಬಾರಿಗೆ ಕಾಣುವವರು. ಅವರಿಗೆ ಯಾರೂ ಕಡಲನ್ನು ಕುರಿತು ಒಂದು ಪಾಠವನ್ನೂ ಹೇಳಿರುವುದಿಲ್ಲ. ಇದು ತಪ್ಪೆಂದೂ, ಈ ತಪ್ಪಿಗೆ ತೆರಬೇಕಾದ ಬೆಲೆ ಬಹಳ ದೊಡ್ಡದೆಂದೂ ನಮ್ಮ ಅಭಿಪ್ರಾಯ.

ಮೊದಲು ಗವಿಯ ವಿಚಾರವನ್ನೇ ನೋಡೋಣ. ನಮ್ಮ ಕರಾವಳಿಯ ಗುಡ್ಡಗಳ ನೆತ್ತಿಯ ಮೇಲೆ ಹೆಚ್ಚಾಗಿ ಕಾಣುವುದು ಜಂಬಿಟ್ಟಿಗೆ. ಕೆಲವೆಡೆ ಇದನ್ನು ಚಿರೆಕಲ್ಲು, ಮುರಕಲ್ಲು ಎಂದೂ ಕರೆಯುತ್ತಾರೆ. ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಯು ಕೇರಳದ ಅಂಗಾಡಿಪುರದಲ್ಲಿ ಇದನ್ನು ಕಂಡು, ೧೮೦೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿತ್ತನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದ ಹೆಸರು ಅದು. ಹೆಸರು ಒಪ್ಪುವಂಥದೇ, ನೆಲದೊಳಗಿರುವಾಗ ಇದನ್ನು ಕೊಡಲಿಯಂಥ ಹತ್ಯಾರಿನಿಂದ ಕಡಿದು ಚೌಕವಾಗಿ ತೆಗೆಯಬಹುದು, ಹೊರಗಿನ ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ.

ಈ ಕಲ್ಲು ಹುಟ್ಟಿದ್ದು ಮಳೆಯಿಂದ. ಬೆಚ್ಚನೆಯ ಹವೆಯಲ್ಲಿ ಯುಗಯುಗಾಂತರ ಸುರಿದ ಮಳೆಯು ಮೂಲಶಿಲೆಯಿಂದ ಸಿಲಿಕವನ್ನೂ ಇತರ ಕರಗುವ ವಸ್ತುಗಳನ್ನೂ ಕರಗಿಸಿ ಒಯ್ದಿತು. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಮ್‌ಗಳ ಆಕ್ಸೈಡುಗಳು ಉಳಿದವು. ಆ ಕೆಂಪು ಬಣ್ಣವು ಕಬ್ಬಿಣದ್ದೇ. ಗಟ್ಟಿಯಾದ ಈ ಹೊದಿಕೆಯ ಕೆಳಗೆ ಸಾಮಾನ್ಯವಾಗಿ ಮೆತ್ತನೆಯ ಜೇಡಿಯ ಪದರವೊಂದಿರುತ್ತದೆ. ಕರಾವಳಿಯ ಜನ ಇದನ್ನು ಶೇಡಿಮಣ್ಣೆನ್ನುತ್ತಾರೆ. ಮೇಲಿನ ರಂಧ್ರಗಳ ಮೂಲಕ ಇಳಿದ ಮಳೆಯ ನೀರು ಈ ಪದರದಲ್ಲಿ ತಡೆದು, ಪಕ್ಕಕ್ಕೆ ಹರಿದು, ಗುಡ್ಡದ ಮಗ್ಗುಲಲ್ಲಿ ಹೊರಬೀಳುವಾಗ ಮೆತ್ತನೆಯ ಮಣ್ಣನ್ನೂ ತನ್ನೊಡನೆ ತರುತ್ತದೆ. ಕೆಳಗಿನದು ಕೊಚ್ಚಿಹೋಗುತ್ತದೆ, ಮೇಲಿನದು ಚಾವಣಿಯಂತೆ ನಿಲ್ಲುತ್ತದೆ. ಜಂಬಿಟ್ಟಿಗೆಯ ನಾಡಿನಲ್ಲಿ ಗವಿಗಳು ಹುಟ್ಟುವ ಸಾಮಾನ್ಯ ಕ್ರಮವಿದು. ಇದರಿಂದ ನಮಗೆ ತಿಳಿಯಬೇಕಾದ ಇನ್ನೊಂದು ಮಾತೂ ಇದೆ: ಇಂಥ ಚಾವಣಿಯು ಎಂದೆಂದಿಗೂ ನಿಲ್ಲುವುದಲ್ಲ. ಮಳೆಗಾಲದಲ್ಲಿ ನೆನೆದು ಭಾರವಾದಾಗ ಅದರಿಂದ ತುಂಡುಗಳು ಕಳಚಿ ಬೀಳಬಹುದು.

ಪಾಂಡವರು ಅಗೆದರೆಂಬ ಮಾತಿನ ಗತಿಯೇನು ಎಂದು ವಾಚಕರು ಕೇಳಬಹುದು. ದೇಶದ ಉದ್ದಗಲಕ್ಕೂ ಪಾಂಡವರ ಹೆಸರಿನ ಗವಿಗಳಿವೆ. ತಮ್ಮ ನೆಲವು ಮಹಾಕಾವ್ಯದ ನೆಲವೂ ಹೌದೆಂಬ ಜನರ ಅಭಿಮಾನವನ್ನು ನಾವು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿಯು ಗವಿಯೊಳಗೆ ನಿಂತಾಗ ಕೇಳಬೇಕಾದ ಪ್ರಶ್ನೆಗಳು ಬೇರೆ. ಗೋಡೆಯ ಮೇಲೆ ಉಳಿಯ ಗುರುತಿದೆಯೆ? ಮೂಲೆಗಳು ನೇರವಾಗಿವೆಯೆ, ದುಂಡಗಿವೆಯೆ? ನೀರು ಎಲ್ಲಿಂದ ಜಿನುಗುತ್ತಿದೆ? ಗಟ್ಟಿ ಪದರವು ಎಲ್ಲಿ ಮುಗಿದು ಮೆತ್ತನೆಯ ಪದರವು ಎಲ್ಲಿ ಮೊದಲಾಗುತ್ತದೆ? ಬಾದಾಮಿಯಲ್ಲಿ ಮಂಗಲೇಶನು ಮೂರನೆಯ ಗುಹೆಯನ್ನು ಮಾಡಿಸಿದ್ದು ಶಕವರ್ಷ ೫೦೦ರಲ್ಲಿ, ಎಂದರೆ ಕ್ರಿ. ಶ. ೫೭೮ರಲ್ಲಿ ಎಂದು ಅಲ್ಲಿನ ಶಾಸನವೇ ಹೇಳುತ್ತದೆ. ಎಲ್ಲ ಗವಿಗಳಿಗೂ ಶಾಸನವಿರುವುದಿಲ್ಲ. ಶಾಸನವಿಲ್ಲದೆಡೆ ಕಲ್ಲನ್ನೇ ಓದಬೇಕಾಗುತ್ತದೆ.

ಇನ್ನು ಕಿರುಗೊಲ್ಲಿ. ಕಡಲಿನ ಅಂಚು ನೇರವಾಗಿರದೆ ಒಳಕ್ಕೂ ಹೊರಕ್ಕೂ ಬಾಗುವುದೇಕೆ? ಗಟ್ಟಿ ಶಿಲೆಯು ಕೊರೆತವನ್ನು ತಡೆದು ಭೂಶಿರವಾಗಿ ಉಳಿಯುತ್ತದೆ. ಮೆತ್ತನೆಯ ಭಾಗವು ಒಳಸರಿದು ಕೊಲ್ಲಿಯಾಗುತ್ತದೆ. ಇಲ್ಲಿಗೆ ಕತೆ ಮುಗಿಯಲಿಲ್ಲ. ಆಳ ಕಡಿಮೆಯಾದ ನೀರಿನಲ್ಲಿ ತೆರೆಯ ವೇಗವು, ಗುರುತ್ವದ ವೇಗೋತ್ಕರ್ಷ ಮತ್ತು ನೀರಿನ ಆಳ ಇವೆರಡರ ಗುಣಲಬ್ಧದ ವರ್ಗಮೂಲಕ್ಕೆ ಸಮ. ಆಳವು ೧೦ ಮೀಟರಿದ್ದಾಗ ತೆರೆಯು ಸೆಕೆಂಡಿಗೆ ಸುಮಾರು ೧೦ ಮೀಟರಿನಂತೆ ಓಡುತ್ತದೆ. ಆಳವು ಅದರ ಕಾಲುಭಾಗ, ಎಂದರೆ ಎರಡೂವರೆ ಮೀಟರಾದಾಗ, ವೇಗವು ಅರ್ಧಕ್ಕಿಳಿಯುತ್ತದೆ. ಭೂಶಿರದ ಮುಂದೆ ನೀರು ಆಳವಿಲ್ಲದ್ದು, ಕೊಲ್ಲಿಯ ಮುಂದೆ ಹೆಚ್ಚು ಆಳವಾದದ್ದು. ಆದುದರಿಂದ ಒಂದೇ ತೆರೆಯ ಒಂದು ಭಾಗ ನಿಧಾನವಾಗಿ, ಇನ್ನೊಂದು ಭಾಗ ಬೇಗನೆ ಸಾಗಿ, ತೆರೆಯು ಬಾಗುತ್ತದೆ. ಗಾಜಿನ ಮಸೂರದೊಳಗೆ ಬೆಳಕು ಬಾಗುವುದೂ ಇದೇ ನ್ಯಾಯದಿಂದ. ಹೀಗೆ ಬಾಗಿದ ತೆರೆಗಳ ಶಕ್ತಿಯು ಭೂಶಿರದ ಮೇಲೆ ಒಟ್ಟುಗೂಡುತ್ತದೆ, ಕೊಲ್ಲಿಯೊಳಗೆ ಹರಡಿ ತೆಳುವಾಗುತ್ತದೆ. ಭೂಶಿರದಲ್ಲಿ ಬಂಡೆ ಸವೆಯುವುದೂ ಕೊಲ್ಲಿಯಲ್ಲಿ ಮರಳು ನಿಲ್ಲುವುದೂ ಇದರಿಂದಲೇ. ಗೋಕರ್ಣದ ಓಂ ತೀರದಲ್ಲಿ, ನಡುವಿನ ಕಲ್ಲುಚಾಚಿನ ಎರಡು ಪಕ್ಕಗಳಲ್ಲಿಯೂ ಮರಳಿನ ಅರ್ಧಚಂದ್ರಗಳು ನಿಂತಿರುವುದನ್ನು ಗುಡ್ಡದ ಮೇಲಿನಿಂದ ನೋಡಿದವರಿಗೆ ಈ ಪಾಠವು ಮರೆಯದು.

ಮೆಡಿಟರೇನಿಯನ್ ಕೊಲ್ಲಿಗೂ ನಮ್ಮದಕ್ಕೂ ಒಂದು ಮುಖ್ಯ ಭೇದವಿದೆ. ಆ ಸಮುದ್ರವು ಅಟ್ಲಾಂಟಿಕ್ ಸಾಗರದೊಡನೆ ಸೇರುವುದು ಜಿಬ್ರಾಲ್ಟರಿನ ಸುಮಾರು ೧೪ ಕಿಲೋಮೀಟರು ಅಗಲದ ಕಿರಿದಾದ ಬಾಗಿಲಿನಿಂದ. ಅಷ್ಟು ಚಿಕ್ಕ ಬಾಗಿಲಿನಲ್ಲಿ ಸಾಗರದ ಉಬ್ಬರವು ಒಳನುಗ್ಗಲಾರದು. ಆದ್ದರಿಂದ ಅದರ ಬಹುಭಾಗದಲ್ಲಿ ಉಬ್ಬರವಿಳಿತವು ಕೆಲವೇ ಹತ್ತು ಸೆಂಟಿಮೀಟರುಗಳು ಮಾತ್ರ. ನಮ್ಮ ಉತ್ತರ ಕನ್ನಡದ ತೀರದಲ್ಲಾದರೋ ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಅದು ಎರಡು ಮೀಟರಿನಷ್ಟಾಗುತ್ತದೆ. ಬೆಳಗ್ಗೆ ಬಂಡೆಯನ್ನು ಬಳಸಿಕೊಂಡು ಒಣಗಾಲಿನಲ್ಲಿ ನಡೆದುಹೋದ ದಾರಿಯು ಮಧ್ಯಾಹ್ನಕ್ಕೆ ನೀರಿನಡಿಯಲ್ಲಿರಬಹುದು. ಜೂನ್ ತಿಂಗಳಲ್ಲಿ ಮುಂಗಾರು ಮಾರುತ ಬೀಸತೊಡಗಿದ ಮೇಲಂತೂ ತೀರವೇ ಬದಲಾಗುತ್ತದೆ. ದೊಡ್ಡ ತೆರೆಗಳು ದಂಡೆಯ ಮರಳನ್ನು ಕಡಲೊಳಕ್ಕೆ ಎಳೆದೊಯ್ದು, ಮಳೆಗಾಲ ಕಳೆದ ಬಳಿಕ ಸಣ್ಣ ತೆರೆಗಳು ಅದನ್ನು ಮರಳಿ ತರುತ್ತವೆ. ಮೆಡಿಟರೇನಿಯನ್ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಅರಬ್ಬಿ ಸಮುದ್ರಕ್ಕೆ ಇಳಿಯುವವನು ಮೋಸಹೋಗುತ್ತಾನೆ.

ಮಾಸೂರಿನ ಹುಡುಗನು ಇನ್ನೂ ಒಂದು ಕಾರಣದಿಂದ ಮೋಸಹೋಗಬಹುದು. ಅವನು ನೀರನ್ನು ಕಾಣದವನೇನಲ್ಲ. ಅವನ ಊರಿನ ಬಳಿಯಲ್ಲಿಯೇ ಗುಡ್ಡಗಳ ಸಂದಿಗೆ ಏರಿಹಾಕಿ ಕುಮುದ್ವತಿಯನ್ನು ತಡೆದ ಮದಗದ ಕೆರೆಯಿದೆ. ಅಲ್ಲಿಂದ ಮುಂದೆ ಹರಿದ ನೀರು ತುಂಗಭದ್ರೆಯನ್ನು, ಅದರ ಮೂಲಕ ಕೃಷ್ಣೆಯನ್ನು ಸೇರಿ, ಸಮೀಪದ ಪಶ್ಚಿಮ ಸಮುದ್ರವನ್ನು ಬಿಟ್ಟು ದೂರದ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಕೆರೆಯಲ್ಲಿಯೋ ಬಾವಿಯಲ್ಲಿಯೋ ಈಜು ಕಲಿತವನು ತನಗೆ ನೀರು ಗೊತ್ತೆಂದು ಭಾವಿಸುತ್ತಾನೆ. ಅವನಿಗೆ ಗೊತ್ತಿರುವುದು ನಿಂತ ನೀರು. ನಿಂತ ನೀರು ದೇಹವನ್ನು ಮೇಲಕ್ಕೆ ಎತ್ತುತ್ತದೆ, ಅಷ್ಟೇ. ಉಪ್ಪುನೀರು ಅದಕ್ಕಿಂತ ನೂರಕ್ಕೆ ಎರಡೂವರೆ ಪಾಲು ಸಾಂದ್ರವಾದುದರಿಂದ ಇನ್ನೂ ತುಸು ಹೆಚ್ಚಾಗಿಯೇ ಎತ್ತುತ್ತದೆ. ಆದರೆ ಕಡಲು ಎತ್ತುವುದರೊಡನೆ ಎಳೆಯುತ್ತದೆ ಕೂಡ.

ಎಷ್ಟು ಬಲದಿಂದ ಎಳೆಯುತ್ತದೆ? ಲೆಕ್ಕ ಮಾಡಿ ನೋಡೋಣ. ಹರಿಯುವ ನೀರು ಅಡ್ಡನಿಂತ ವಸ್ತುವನ್ನು ತಳ್ಳುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಸೊಂಟದವರೆಗೆ ನೀರಿನಲ್ಲಿ ನಿಂತ ವಿದ್ಯಾರ್ಥಿಯ ಕಾಲುಗಳು ನೀರಿಗೆ ಒಡ್ಡುವ ವಿಸ್ತೀರ್ಣವನ್ನು ಸುಮಾರು ೦.೧೫ ಚದರ ಮೀಟರೆಂದು ಹಿಡಿದರೆ, ಸೆಕೆಂಡಿಗೆ ಒಂದು ಮೀಟರು ವೇಗದ ನೀರು ಸುಮಾರು ೮ ಕಿಲೋಗ್ರಾಮ್ ತೂಕದಷ್ಟು ಬಲದಿಂದ ತಳ್ಳುತ್ತದೆ. ವೇಗವು ಎರಡು ಮೀಟರಾದರೆ ಬಲವು ನಾಲ್ಮಡಿಯಾಗಿ ೩೧ ಕಿಲೋಗ್ರಾಮ್ ಆಗುತ್ತದೆ. ಈಗ ನೆಲದ ಹಿಡಿತವನ್ನು ನೋಡಿ. ೪೫ ಕಿಲೋಗ್ರಾಮ್ ತೂಗುವವಳು ಸೊಂಟದವರೆಗೆ ಮುಳುಗಿದಾಗ ಅವಳ ತೂಕದಲ್ಲಿ ಅರ್ಧದಷ್ಟನ್ನು ನೀರೇ ಹೊರುತ್ತದೆ. ಕಾಲು ಮರಳನ್ನು ಒತ್ತುವುದು ಸುಮಾರು ೨೨ ಕಿಲೋಗ್ರಾಮ್ ಮಾತ್ರ. ಘರ್ಷಣೆಯು ಅದರ ಅರ್ಧದಷ್ಟಿದ್ದರೆ ಹಿಡಿತವು ೧೧ ಕಿಲೋಗ್ರಾಮ್. ಮೊದಲನೆಯ ವೇಗಕ್ಕೆ ಅವಳು ನಿಲ್ಲಬಲ್ಲಳು, ಎರಡನೆಯದಕ್ಕೆ ನಿಲ್ಲಲಾರಳು. ಎರಡಕ್ಕೂ ನಡುವಣ ಅಂತರವನ್ನು ಕಣ್ಣು ಗುರುತಿಸದು. ಮೊಣಕಾಲಿನವರೆಗೆ ಮಾತ್ರ ಇಳಿಯುವೆನೆಂದು ಹೋದವರು ಕೊಚ್ಚಿಹೋಗುವುದು ಹೀಗೆ: ಒಂದು ದೊಡ್ಡ ತೆರೆ ಬಂದರೆ ಮೊಣಕಾಲಿನ ನೀರು ಸೊಂಟದ ನೀರಾಗುತ್ತದೆ, ಹಿಂದಿರುಗುವಾಗ ಅದರ ವೇಗವೂ ಹೆಚ್ಚುತ್ತದೆ.

ಇದಕ್ಕಿಂತಲೂ ವಂಚಕವಾದುದು ಸೆಳವು. ತೆರೆಗಳು ದಂಡೆಗೆ ತಂದು ಸುರಿದ ನೀರು ಮತ್ತೆ ಕಡಲಿಗೆ ಹೋಗಲೇಬೇಕಷ್ಟೆ. ಅದು ಎಲ್ಲೆಡೆಯಲ್ಲಿಯೂ ಸಮನಾಗಿ ಹಿಂದಿರುಗುವುದಿಲ್ಲ. ಮರಳಿನ ದಿಬ್ಬಗಳ ನಡುವಣ ತಗ್ಗಿನಲ್ಲಿಯೋ, ಕೊಲ್ಲಿಯ ಅಂಚಿನ ಬಂಡೆಯ ಪಕ್ಕದಲ್ಲಿಯೋ, ಕಾಲುವೆಯಂತೆ ಕೂಡಿಕೊಂಡು ಹೊರಕ್ಕೆ ಓಡುತ್ತದೆ. ಪ್ರಬಲವಾದ ಸೆಳವಿನ ವೇಗವು ಸೆಕೆಂಡಿಗೆ ಎರಡು ಮೀಟರನ್ನು ಮುಟ್ಟಬಹುದು. ಲೋಕದ ಅತಿವೇಗದ ಈಜುಗಾರರು ನೂರು ಮೀಟರಿನ ಪಂದ್ಯದಲ್ಲಿ ಸಾಧಿಸುವ ವೇಗವೂ ಅದಕ್ಕಿಂತ ಹೆಚ್ಚೇನಲ್ಲ. ವಂಚನೆಯಿರುವುದು ಎಲ್ಲಿ ಎಂದರೆ, ಸೆಳವು ಓಡುವ ಜಾಗದಲ್ಲಿ ನೀರು ಆಳವಾಗಿರುವುದರಿಂದ ತೆರೆಗಳು ಅಲ್ಲಿ ಹೆಚ್ಚಾಗಿ ಮುರಿಯುವುದಿಲ್ಲ. ಅಕ್ಕಪಕ್ಕದಲ್ಲಿ ಬಿಳಿಯ ನೊರೆ, ನಡುವೆ ಶಾಂತವಾದ ಕಪ್ಪುನೀರಿನ ಪಟ್ಟಿ. ಅರಿಯದವನು ತೆರೆಗಳಿಗೆ ಅಂಜಿ ಆ ಶಾಂತವಾದ ಪಟ್ಟಿಯನ್ನೇ ಆರಿಸಿಕೊಳ್ಳುತ್ತಾನೆ.

ಸಿಕ್ಕಿಬಿದ್ದವನು ದಡದ ಕಡೆಗೆ ಎದುರೀಜಬಾರದು. ಬಲಗುಂದಿ ಮುಳುಗುವವರು ಹೆಚ್ಚಾಗಿ ಹಾಗೆ ಈಜಿದವರೇ. ಸೆಳವು ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಅದರ ಅಗಲವೂ ಸಾಮಾನ್ಯವಾಗಿ ಕೆಲವು ಹತ್ತು ಮೀಟರುಗಳಿಗಿಂತ ಹೆಚ್ಚಿರುವುದಿಲ್ಲ. ತೇಲಿಕೊಂಡು ಉಸಿರನ್ನು ಉಳಿಸಿಕೊಳ್ಳಬೇಕು, ಕೈಯೆತ್ತಿ ಕೂಗಬೇಕು, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ, ಬಂಡೆಗಳಿಂದ ದೂರಕ್ಕೆ, ತೆರೆಗಳು ಮುರಿಯುತ್ತಿರುವ ಕಡೆಗೆ ಈಜಬೇಕು. ದಡದಲ್ಲಿರುವವರು ಹಿಂದುಮುಂದು ನೋಡದೆ ನೀರಿಗೆ ಹಾರದೆ, ತೇಲುವ ಯಾವುದಾದರೂ ವಸ್ತುವನ್ನು ಎಸೆದು, ಜೀವರಕ್ಷಕರನ್ನು ಕರೆಯಬೇಕು. ಇಷ್ಟನ್ನು ಹೇಳುವುದಕ್ಕೆ ಹತ್ತು ನಿಮಿಷ ಸಾಕು.

ಆ ಹತ್ತು ನಿಮಿಷ ನಮ್ಮಲ್ಲಿ ಯಾರಿಗೂ ದೊರೆಯುತ್ತಿಲ್ಲ. ೨೦೨೪ರ ಡಿಸೆಂಬರ್ ತಿಂಗಳಲ್ಲಿ ಶಾಲೆಯ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಅವರೂ ಕಡಲಿನಿಂದ ಬಹುದೂರದ ಒಳನಾಡಿನವರೇ. ಆಗ ಕೆಲಕಾಲ ಆ ತೀರಕ್ಕೆ ಪ್ರವಾಸಿಗಳ ಪ್ರವೇಶವನ್ನು ತಡೆಯಲಾಯಿತು. ದುರಂತದ ಮರುದಿನ ನಿಷೇಧದ ಮಾತು ಬರುವುದು ಸಹಜ. ಆದರೆ ನಿಷೇಧವು ಕಲಿಸುವುದಿಲ್ಲ. ಅದು ತೆರವಾದ ದಿನ ಬರುವವರು ಹಿಂದಿನವರಷ್ಟೇ ಅರಿಯದವರಾಗಿರುತ್ತಾರೆ. ಕಾವಲಿರುವ ದೊಡ್ಡ ತೀರವನ್ನು ಮುಚ್ಚಿದರೆ, ಕಾವಲಿಲ್ಲದ ಏಕಾಂತ ಕೊಲ್ಲಿಯನ್ನು ಹುಡುಕಿಕೊಂಡು ಹೋಗುವವರೂ ಉಂಟು.

ಇದುವರೆಗೆ ಹೇಳಿದ್ದು ಗವಿಗೂ ಕಡಲಿಗೂ ಹೋದವನಿಗೆ ಬರುವ ಅಪಾಯ. ಹೋದವನಿಂದ ಗವಿಗೆ ಬರುವ ಅಪಾಯವೂ ಇದೆ. ಫ್ರಾನ್ಸಿನ ಲಾಸ್ಕೋ ಗುಹೆಯಲ್ಲಿ ಆದಿಮಾನವರು ಬಿಡಿಸಿದ ಚಿತ್ರಗಳನ್ನು ೧೯೪೦ರಲ್ಲಿ ನಾಲ್ವರು ಹುಡುಗರು ಕಂಡುಹಿಡಿದರು. ೧೯೪೮ರಲ್ಲಿ ಅದು ಜನರಿಗೆ ತೆರೆಯಿತು. ದಿನಕ್ಕೆ ಸಾವಿರಕ್ಕೂ ಹೆಚ್ಚು ಮಂದಿ ಬರತೊಡಗಿದರು. ಅವರಲ್ಲಿ ಬಹುಮಂದಿ ಏನನ್ನೂ ಮುಟ್ಟಲಿಲ್ಲ, ಕೆಡಿಸಲಿಲ್ಲ, ಬರಿದೆ ಉಸಿರಾಡಿದರು. ಸುಮ್ಮನೆ ನಿಂತ ಮನುಷ್ಯನೊಬ್ಬನು ಸುಮಾರು ನೂರು ವಾಟಿನ ದೀಪದಷ್ಟು ಶಾಖವನ್ನು ಹೊರಸೂಸುತ್ತಾನೆ; ಮೂವತ್ತು ಜನರೆಂದರೆ ಮೂರು ಕಿಲೋವಾಟಿನ ಒಲೆ. ಅದರೊಡನೆ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡು. ಗೋಡೆಯ ಮೇಲೆ ಹಸುರು ಪಾಚಿ ಬೆಳೆಯಿತು, ಬಿಳಿಯ ಸುಣ್ಣದ ಹರಳುಗಳು ಕಟ್ಟಿದವು. ೧೯೬೩ರಲ್ಲಿ ಸರಕಾರವು ಗುಹೆಯನ್ನು ಮುಚ್ಚಿತು. ೧೯೮೩ರಲ್ಲಿ ಅದರ ಪಡಿಯಚ್ಚೊಂದನ್ನು ಸಮೀಪದಲ್ಲಿಯೇ ಕಟ್ಟಿ ಜನರಿಗೆ ತೋರಿಸತೊಡಗಿದರು.

ಮೆಡಿಟರೇನಿಯನ್ ತೀರದ ಇನ್ನೊಂದು ಗುಹೆಯ ಕತೆಯಲ್ಲಿ ಎರಡು ಅಪಾಯಗಳೂ ಕೂಡಿವೆ. ಮಾರ್ಸೇಲ್ಸ್ ನಗರದ ಬಳಿ ಹೆನ್ರಿ ಕಾಸ್ಕೆ ಎಂಬ ಮುಳುಗುಗಾರನು ೧೯೮೫ರಲ್ಲಿ, ಸಮುದ್ರಮಟ್ಟದಿಂದ ೩೭ ಮೀಟರು ಕೆಳಗೆ ಬಾಯಿಯಿರುವ ಗುಹೆಯೊಂದನ್ನು ಕಂಡನು. ಅದರ ಉದ್ದವಾದ ಸುರಂಗವನ್ನು ಹತ್ತಿ ಹೋದರೆ ನೀರಿಲ್ಲದ ಕೋಣೆ, ಗೋಡೆಗಳಲ್ಲಿ ಕುದುರೆಗಳೂ ಮನುಷ್ಯರ ಹಸ್ತದ ಗುರುತುಗಳೂ. ಸುಮಾರು ೨೦,೦೦೦ ವರ್ಷಗಳ ಹಿಂದೆ ಹಿಮಯುಗದಲ್ಲಿ ಸಮುದ್ರವು ಈಗಿಗಿಂತ ಸುಮಾರು ೧೨೦ ಮೀಟರು ಕೆಳಗಿತ್ತು. ಚಿತ್ರಕಾರರು ನಡೆದುಕೊಂಡೇ ಒಳಹೊಕ್ಕಿದ್ದರು. ಆ ಕಾಲಕ್ಕೆ ನಮ್ಮ ಹೊನ್ನಾವರದ ದಂಡೆಯೂ ಹತ್ತಾರು ಕಿಲೋಮೀಟರು ಪಶ್ಚಿಮಕ್ಕಿತ್ತು. ೧೯೯೧ರಲ್ಲಿ ಆ ಸುರಂಗದಲ್ಲಿ ದಾರಿ ತಪ್ಪಿ ಮೂವರು ಮುಳುಗುಗಾರರು ಸತ್ತ ಬಳಿಕವೇ ಗುಹೆಯ ವಿಷಯವು ಲೋಕಕ್ಕೆ ತಿಳಿಯಿತು. ಈಗ ಏರುತ್ತಿರುವ ಸಮುದ್ರವು ಆ ಚಿತ್ರಗಳನ್ನು ಮುಟ್ಟುತ್ತಿದೆ. ೨೦೨೨ರಲ್ಲಿ ಮಾರ್ಸೇಲ್ಸಿನಲ್ಲಿ ಅದಕ್ಕೂ ಪಡಿಯಚ್ಚನ್ನು ನಿರ್ಮಿಸಲಾಯಿತು.

ನಮ್ಮ ಜಂಬಿಟ್ಟಿಗೆಯ ಗವಿಗಳಿಗೆ ಉಸಿರಿನ ಭಯ ಅಷ್ಟಾಗಿಲ್ಲ, ಉಗುರಿನ ಭಯವುಂಟು. ಮೆತ್ತನೆಯ ಗೋಡೆಯ ಮೇಲೆ ಹೆಸರು ಕೆತ್ತುವುದು ಬಹಳ ಸುಲಭ, ಆ ಗೀರಿನಲ್ಲಿ ಮುಂದಿನ ಮಳೆಯ ನೀರು ದಾರಿ ಮಾಡಿಕೊಳ್ಳುವುದೂ ಸುಲಭ. ಕೊಳಕ್ಕೆಸೆದ ಪ್ಲಾಸ್ಟಿಕ್ ಚೀಲವು ಹಳ್ಳ ಹಿಡಿದು ಕಡಲಿಗೆ ಸೇರುತ್ತದೆ. ಇಂಥ ತಾಣಗಳ ಹೆಸರನ್ನೇ ಹೇಳದೆ ಗುಟ್ಟಾಗಿಡಬೇಕೆಂದು ವಾದಿಸುವವರಿದ್ದಾರೆ. ಅವರ ಕಳಕಳಿಯು ನಿಜವಾದದ್ದು. ಆದರೆ ಕೈಗೊಂದು ಮೊಬೈಲ್ ಇರುವ ಈ ಕಾಲದಲ್ಲಿ ಗುಟ್ಟು ನಿಲ್ಲದು. ಜನ ಹೇಗೂ ಹೋಗುತ್ತಾರೆ. ತಿಳಿದು ಹೋಗುವರೋ ತಿಳಿಯದೆ ಹೋಗುವರೋ ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಆದುದರಿಂದ ನಮ್ಮ ಸೂಚನೆ ಇದು. ಕರಾವಳಿಗೆ ಹೊರಡುವ ಪ್ರತಿಯೊಂದು ಶಾಲಾಕಾಲೇಜು ತಂಡಕ್ಕೂ ಹಿಂದಿನ ದಿನ ಒಂದು ಗಂಟೆಯ ಪಾಠವಿರಬೇಕು. ಅದನ್ನು ವಿಜ್ಞಾನದ ಅಧ್ಯಾಪಕರೇ ಹೇಳಬೇಕು: ತೆರೆ, ಉಬ್ಬರವಿಳಿತ, ಸೆಳವು, ಗವಿಯ ಚಾವಣಿ. ನಮ್ಮ ತರಗತಿಗಳಲ್ಲಿ ತರಂಗಗಳ ಅಧ್ಯಾಯವನ್ನು ಹಗ್ಗವನ್ನೂ ತಂತಿಯನ್ನೂ ತೋರಿಸಿ ಮುಗಿಸುತ್ತೇವೆ. ಕಡಲಿನ ಹೆಸರು ಅಲ್ಲಿ ಬಂದರೆ ಬಂತು, ಇಲ್ಲವಾದರೆ ಇಲ್ಲ. ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ಪಡೆದವನು ಅದೇ ಸೂತ್ರವು ತನ್ನ ಕಾಲನ್ನು ಎಳೆಯುವಾಗ ಗುರುತಿಸಲಾರನಾದರೆ ಆ ಕಲಿಕೆಗೆ ಏನು ಬೆಲೆ? ಎರಡನೆಯದಾಗಿ, ತೀರವನ್ನು ತಲಪಿದ ಕೂಡಲೆ ಅಧ್ಯಾಪಕರು ಸ್ಥಳದ ಮೀನುಗಾರರನ್ನೋ ಜೀವರಕ್ಷಕರನ್ನೋ ಕೇಳಿ, ಅವರು ಬೇಡವೆಂದರೆ ಯಾರನ್ನೂ ನೀರಿಗೆ ಇಳಿಸಬಾರದು. ಕಾವಲಿಲ್ಲದ ಕೊಲ್ಲಿಯಲ್ಲಂತೂ ದಂಡೆಯ ಮೇಲಿಂದ ನೋಡುವುದೇ ಸರಿ. ಮೂರನೆಯದಾಗಿ, ಗವಿಯೊಳಕ್ಕೆ ಒಮ್ಮೆಗೆ ಹತ್ತು ಜನರಿಗಿಂತ ಹೆಚ್ಚು ಹೋಗದೆ, ಗೋಡೆಗೆ ಕೈಹಚ್ಚದೆ, ಕೈಯಲ್ಲೊಂದು ಟಿಪ್ಪಣಿಪುಸ್ತಕ ಹಿಡಿದು, ಕಂಡದ್ದನ್ನು ಬರೆದುಕೊಂಡು ಬರಬೇಕು.

ವಿನೋದಕ್ಕೆಂದು ಹೋಗುವ ಪ್ರವಾಸವನ್ನೂ ಪಾಠವಾಗಿ ಮಾಡಿದರೆ ಹುಡುಗರಿಗೆ ಬೇಸರವಾಗದೆ ಎಂದು ಕೆಲವರು ಆಕ್ಷೇಪಿಸುವರು. ನಮಗೆ ಹಾಗೆ ತೋರುವುದಿಲ್ಲ. ತೆರೆಯು ಬಾಗುವುದೇಕೆಂದು ಬಲ್ಲವನಿಗೆ ಗುಡ್ಡದ ಮೇಲೆ ನಿಂತು ಕೊಲ್ಲಿಯನ್ನು ನೋಡುವುದರಲ್ಲಿ ಇರುವ ಸಂತೋಷ ಅರಿಯದವನಿಗೆ ಅರ್ಧವೂ ದೊರೆಯದು. ಇನ್ನು ಪಾಠಕ್ಕೆ ಸಮಯವಿಲ್ಲವೆಂಬ ಮಾತು. ಬಸ್ಸನ್ನು ಗೊತ್ತುಮಾಡುವುದಕ್ಕೂ ಊಟದ ಏರ್ಪಾಟಿಗೂ ವಾರಗಟ್ಟಲೆ ಓಡಾಡುವ ನಾವು, ಮಕ್ಕಳನ್ನು ಕ್ಷೇಮವಾಗಿ ಅವರ ತಾಯಿತಂದೆಯರಿಗೆ ಒಪ್ಪಿಸಬಲ್ಲ ಒಂದು ಗಂಟೆಯನ್ನು ಹೊಂದಿಸಲಾರೆವೆ? ಬರುವ ನವೆಂಬರಿನಲ್ಲಿ ನಿಮ್ಮ ಶಾಲೆಯ ಪ್ರವಾಸದ ಪಟ್ಟಿಯಲ್ಲಿ ಕಡಲಿನ ಹೆಸರು ಕಂಡಕೂಡಲೆ, ಆ ಒಂದು ಗಂಟೆ ಯಾವ ದಿನ ಎಂದು ನಿಮ್ಮ ಅಧ್ಯಾಪಕರನ್ನು ಕೇಳಿರಿ.